ಹನ್ನೊಂದನೇ ಹಾಡು

ಕಿಲ್ಬರ್ನ್, ಲಂಡನ್
22 ಜನವರಿ 1989

ಪ್ರೀತಿಯ ಅಪ್ಪಾ,

ಮೊನ್ನೆ ಮ್ಯಾನಿಯನ್ ಪಬ್ಬಿಗೆ ಫೋನು ಮಾಡಿ ನಿನ್ನನ್ನು ಕರೆಸಿದರೆ, ನೀನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಿ ಫೋನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೂ ನೀನು ಸ್ವಲ್ಪ ಹೆಚ್ಚು ಮಾತಾಡುತ್ತೀಯ.

ನಾವು ಮೂವರೂ ಚೆನ್ನಾಗಿದ್ದೇವೆ. ಫೆಲಿಮ್ ಗಿಟಾರಿನ ತಂತಿ ಬದಲಾಯಿಸುವುದರಲ್ಲೇ ಅರ್ಧ ದಿನ ಕಳೆಯುತ್ತಾನೆ. ಡೋನಲ್ ಡ್ರಮ್ ಬಾರಿಸದೆ ಇರುವ ಹೊತ್ತಿನಲ್ಲಿ ಊಟದ ಮೇಜನ್ನು ಬಾರಿಸುತ್ತಾನೆ. ನಾನು ಹಾಡುವುದು, ಬೇಸ್ ಗಿಟಾರ್ ನುಡಿಸುವುದು, ಇಬ್ಬರಿಗೂ ಸೋಡಾ ಬ್ರೆಡ್ಡು ಸುಟ್ಟುಕೊಡುವುದು. ಬಟರ್ ರೋಡ್ ಬ್ಯಾಂಡಿನ ಮೊದಲ ಆಲ್ಬಮ್ ಬೇಸಿಗೆಗೆ ಹೊರಗೆ ಬರಬೇಕು. ಹತ್ತು ಹಾಡು ಆಗಿವೆ. ಹನ್ನೊಂದನೆಯದು ಒಂದು ಬೇಕಂತೆ.

ಅದರ ವಿಷಯಕ್ಕೇ ಬಂದೆ. ಧ್ವನಿಮುದ್ರಣ ನೋಡಿಕೊಳ್ಳುವ ಕ್ಲೈವ್ ಎಂಬ ಇಂಗ್ಲಿಷವನು ಒಬ್ಬನಿದ್ದಾನೆ. ನಾನು ಬಟ್ಟಲು ತೊಳೆಯುತ್ತಾ ಫೆಸ್ಟಿ ಚಿಕ್ಕಪ್ಪನ ಹಾಡು ಗುನುಗುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಕೇಳಿದ್ದಾನೆ.

"ಇದು ಯಾರ ಹಾಡು?"

"ನಮ್ಮಪ್ಪಂದು."

"ನಿಮ್ಮಪ್ಪ ಬರೆದಿದ್ದಾ?"

"ಇಲ್ಲ, ನಮ್ಮಜ್ಜಿ ಕಟ್ಟಿದ್ದು."

"ಹಾಗಾದ್ರೆ ಅಜ್ಜಿದಲ್ವಾ?"

"ಕೊಟ್ಟುಬಿಟ್ಟಿದ್ದಾಳೆ."

ಅವನು ಫೆಲಿಮ್ ಮುಖ ನೋಡಿದ. ಫೆಲಿಮ್ "ನನ್ನನ್ನ ಕೇಳ್ಬೇಡಪ್ಪ, ನಾನು ಪೇಟೆಯೋನು" ಎಂದ.

ಅವನಿಗೆ ಹೇಗೆ ಬಿಡಿಸಿ ಹೇಳಲಿ? ಚಿಕ್ಕಪ್ಪನ ದೋಣಿ ಮಗುಚಿದ ಮೇಲೆ ಹೆಣ ಸಿಗುವ ತನಕ ಅಜ್ಜಿ ದಡ ಬಿಟ್ಟು ಏಳಲಿಲ್ಲ, ಅಲ್ಲೇ ಕೂತು ಕಟ್ಟಿದ ಹಾಡು ಅದು, ಮಣ್ಣು ಮಾಡಿ ಬಂದ ದಿನ ಒಮ್ಮೆ ಹಾಡಿ ನಿನಗೆ ಕೊಟ್ಟಳು, ಪ್ರತಿ ಸೆಪ್ಟೆಂಬರಿನಲ್ಲಿ ಚಿಕ್ಕಪ್ಪನ ದಿನ ನೀನು ಅವಳ ಮುಂದೆ ಹಾಡುತ್ತೀಯ, ನೀನಿರುವ ಕಡೆ ಬೇರೆ ಯಾರೂ ಅದರ ಒಂದು ಸಾಲನ್ನೂ ಎತ್ತುವುದಿಲ್ಲ. ಇದೆಲ್ಲ ಅವನಿಗೆ ಕಟ್ಟುಕಥೆಯಂತೆ ಕೇಳಿಸುತ್ತದೆ.

ಹಾಡನ್ನು ಕೇಳಿ ಪಡೆಯಬಾರದು, ಕೊಟ್ಟಾಗ ತೆಗೆದುಕೊಳ್ಳಬೇಕು ಎಂದು ನನಗೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಆಲ್ಬಮ್ಮಿನ ಕೊನೆಯಲ್ಲಿ, ವಾದ್ಯ ಯಾವುದೂ ಇಲ್ಲದೆ, ಒಂದೇ ಸಲ ಹಾಡುತ್ತೇನೆ. ಉಳಿದ ಹತ್ತನ್ನು ಬೇರೆ ಯಾವ ಹುಡುಗಿಯಾದರೂ ಹಾಡಬಹುದಿತ್ತು ಎಂದು ನನಗೆ ಒಮ್ಮೊಮ್ಮೆ ಹೆದರಿಕೆಯಾಗುತ್ತದೆ ಅಪ್ಪಾ. ಇದೊಂದು ಹಾಗಲ್ಲ.

ಅಜ್ಜಿಗೆ ಮುತ್ತು.

ಕೀಲಿನ್


ಡೂನ್‌ಲಾರಾ, ಕಾನೆಮಾರಾ
6 ಫೆಬ್ರವರಿ 1989

ಕೀಲಿನ್,

ಕಾಗದ ಬಂತು. ಗಾಳಿ ಈಗ ಪಶ್ಚಿಮದಿಂದ.

ಕೆಂಪು ಹಸು ಕರು ಹಾಕಿತು. ರಾತ್ರಿಯೆಲ್ಲ ಕಾಯಿಸಿ, ನಾನು ಚಹಾ ಕುಡಿಯಲು ಒಳಗೆ ಬಂದ ಹೊತ್ತಿನಲ್ಲಿ ಹಾಕಿತು. ಒಲೆಗೆ ಹಾಕುವ ಟರ್ಫ್ ಮಣ್ಣಿನ ಹೆಂಟೆ ಈ ವರ್ಷ ಸರಿಯಾಗಿ ಒಣಗಿಲ್ಲ, ಮನೆಯೆಲ್ಲ ಹೊಗೆ. ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗಿದೆ. ಕಿವಿ ಮಾತ್ರ ಚುರುಕು. ಮ್ಯಾನಿಯನ್ ಪಬ್ಬಿನಲ್ಲಿ ಯಾರು ಜಗಳವಾಡಿದರು ಎಂದು ಮನೆಯಲ್ಲೇ ಕೂತು ನನಗೆ ಹೇಳುತ್ತಾಳೆ. ನಿನ್ನ ಕಾಗದ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಅಂಚೆಯವನು ನಿಮ್ಮ ಬ್ಯಾಂಡಿನ ಹೆಸರು ಹಿಡಿದು ಗೋಳು ಹೊಯ್ದುಕೊಳ್ಳುತ್ತಿದ್ದಾನೆ. "ಬೆಣ್ಣೆ ಬಳಿದ ರಸ್ತೇಲಿ ಎಷ್ಟು ದೂರ ಹೋಗ್ತಾರೆ, ಕೋಲ್ಮನ್?" ಎಂದ. ಜಾರಿಕೊಂಡೇ ಲಂಡನ್ ಮುಟ್ಟಿದಾರೆ ನೋಡು ಎಂದೆ.

ನೀನು ಹಾಡಿನ ವಿಷಯ ಕೇಳಿದ್ದೆ. ನಿನಗೇ ಗೊತ್ತು. ಮೂರನೇ ಚರಣ ಜೋಪಾನ. ನಾನೇ ಎಷ್ಟೋ ಸಲ ಅಲ್ಲಿ ಮುಗ್ಗರಿಸಿದ್ದೇನೆ.

ಬೆಚ್ಚಗೆ ಬಟ್ಟೆ ಹಾಕಿಕೊ.

ಅಪ್ಪ


ಕಿಲ್ಬರ್ನ್
27 ಫೆಬ್ರವರಿ 1989

ಪ್ರೀತಿಯ ಅಪ್ಪಾ,

ಹಾಡಿದೆ.

ಕ್ಲೈವ್ ಮೈಕನ್ನು ಕೋಣೆಯ ನಡುವೆ ನಿಲ್ಲಿಸಿದ್ದ. ನಾನು ನೀನು ನಿಲ್ಲುವ ಹಾಗೆ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡೆ. ಗಾಜಿನ ಆಚೆಯಿಂದ ಅವನು "ಕೀಲಿನ್, ಮೈಕು ಈ ಕಡೆ ಇದೆ ಕಣಮ್ಮಾ" ಎಂದ. ಡೋನಲ್ "ಸುಮ್ನಿರಯ್ಯ, ಅವರ ಮನೇಲಿ ಗೋಡೆಗೇ ಹಾಡೋದು" ಎಂದ. ಕೊನೆಗೆ ಪಾಪ, ಕ್ಲೈವ್ ತಾನೇ ಬಂದು ಮೈಕನ್ನು ಗೋಡೆಗೆ ತಂದಿಟ್ಟ.

ಮೂರನೇ ಚರಣದಲ್ಲಿ ನಾನೂ ಮುಗ್ಗರಿಸಿದೆ. ಅಳು ಬಂತು, ಹಾಗೇ ಮುಂದೆ ಹಾಡಿದೆ. ಮತ್ತೆ ಹಾಡಿಸಿ ಸರಿ ಮಾಡೋಣ ಎಂದು ಕ್ಲೈವ್ ಹೇಳುತ್ತಾನೆಂದು ಕಾದೆ. ಅವನು ಯಂತ್ರ ನಿಲ್ಲಿಸಿ ಹೊರಗೆ ಹೋಗಿ ಸಿಗರೇಟು ಹಚ್ಚಿದ. ಫೆಲಿಮ್ ಬಂದು ನನ್ನ ತಲೆ ಮುಟ್ಟಿ ಹೋದ. ಅಷ್ಟೇ. ಇಷ್ಟು ವರ್ಷ ಹಾಡಿದ್ದೇನೆ, ಮೊದಲ ಸಲ ನಾನು ಹಾಡುಗಾರ್ತಿ ಅನ್ನಿಸಿತು.

ನಿನಗೆ ಕೋಪವಿಲ್ಲ ತಾನೇ? ಇದ್ದರೆ ಹೇಳಿಬಿಡು.

ಕೀಲಿನ್


ಡೂನ್‌ಲಾರಾ
20 ಮಾರ್ಚ್ 1989

ಕೀಲಿನ್,

ಇಲ್ಲಿ ನಾಲ್ಕು ದಿನದಿಂದ ಮಳೆ. ಸಂತ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ ನೆನೆದು ತೊಪ್ಪೆಯಾಯಿತು. ಶಾಲೆಯ ಮಕ್ಕಳು ಹಸಿರು ಬಣ್ಣ ಬಳಿದುಕೊಂಡು ಬಂದಿದ್ದರು, ಅದೆಲ್ಲ ಕರಗಿ ಪಾದ್ರಿಯ ಬಿಳಿ ಅಂಗಿಗೆ ಹತ್ತಿತು.

ಸಂಜೆ ಮ್ಯಾನಿಯನ್ ಪಬ್ಬಿನಲ್ಲಿ ಎಲ್ಲರೂ ಸೇರಿದ್ದೆವು. ಒಬ್ಬೊಬ್ಬರೂ ಅವರವರ ಹಾಡು ಹಾಡಿದ ಮೇಲೆ ನನ್ನನ್ನು ಕರೆದರು. ನನ್ನ ಹತ್ತಿರ ಹಾಡಿಲ್ಲ ಎಂದೆ. ಗ್ಲಾಸು ಮುಗಿಸಿ ಮನೆಗೆ ಬಂದೆ.

ರೆಕಾರ್ಡು ಯಾವಾಗ ಬರುತ್ತದೆ ಎಂದು ಅಜ್ಜಿ ದಿನಾ ಕೇಳುತ್ತಾಳೆ. ಕರು ಚೆನ್ನಾಗಿದೆ.

ಅಪ್ಪ


ಕಿಲ್ಬರ್ನ್
9 ಏಪ್ರಿಲ್ 1989

ಪ್ರೀತಿಯ ಅಪ್ಪಾ,

ಹೋದ ಭಾನುವಾರ ಚರ್ಚಿನ ಹೊರಗೆ ಪಾಟ್ಸಿ ಫಾಲನ್ ಸಿಕ್ಕಿದ್ದ. ಇಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಊರಿಗೆ ಬಂದು ಹೋದನಂತೆ. ನನ್ನನ್ನು ಕಂಡವನೇ ಟೋಪಿ ತೆಗೆದ. "ನಿಮ್ಮಪ್ಪಂಗೆ ಏನಾಗಿದೆ ತಾಯಿ? ಹಾಡು ಅಂದ್ರೆ ಇಲ್ಲ ಅಂದ್ಬಿಟ್ಟ. ನಾನು ಹುಟ್ಟಿದಾಗಿಂದ ಅವನು ಇಲ್ಲ ಅಂದಿದ್ದು ಕೇಳಿರ್ಲಿಲ್ಲ. ಸಾವಿನ ಮನೆಯಿಂದ ಎದ್ದು ಹೋಗೋ ಹಾಗೆ ಎದ್ದು ಹೋದ."

ನಿನ್ನ ಫೆಬ್ರವರಿಯ ಕಾಗದವನ್ನು ತೆಗೆದು ಮತ್ತೆ ಓದಿದೆ. 'ನಿನಗೇ ಗೊತ್ತು.' ಕಾಲೇಜು ಬಿಟ್ಟು ಬ್ಯಾಂಡು ಸೇರುತ್ತೇನೆ ಎಂದಾಗಲೂ ನೀನು ಹೀಗೇ ಹೇಳಿದ್ದೆ. ಆಮೇಲೆ ಈಸ್ಟರ್ ತನಕ ನನ್ನ ಜೊತೆ ಮಾತು ಬಿಟ್ಟಿದ್ದೆ. ನಮ್ಮ ಕಡೆಯವರು ಬೇಡ ಎನ್ನುವುದು ಹೇಗೆ ಎಂದು ನನಗೆ ಗೊತ್ತಿರಬೇಕಿತ್ತು. ನನಗೆ ಬೇಕಾದಂತೆ ಓದಿಕೊಂಡೆ.

ನೀನು ಚಿಂತೆ ಮಾಡುವುದು ಬೇಡ. ಮಾಡಬೇಕಾದ್ದನ್ನು ಮಾಡಿದ್ದೇನೆ. ಆಲ್ಬಮ್ಮಿಗೆ 'ಬುಧವಾರ ಮಧ್ಯಾಹ್ನ' ಎಂದು ಹೆಸರಿಟ್ಟಿದ್ದೇವೆ, ಅಂಗಡಿಗಳಿಗೆಲ್ಲ ಅರ್ಧ ದಿನ ರಜೆ ಇರುತ್ತದಲ್ಲ, ಆ ಹೊತ್ತು. ಜೂನ್‌ನಲ್ಲಿ ನಿನಗೊಂದು ಕಳಿಸುತ್ತೇನೆ.

ಇನ್ನು ಈ ವಿಷಯ ನಾವು ಮಾತಾಡುವುದು ಬೇಡ.

ಕೀಲಿನ್


ಡೂನ್‌ಲಾರಾ
25 ಜೂನ್ 1989

ಕೀಲಿನ್,

ರೆಕಾರ್ಡು ಶುಕ್ರವಾರ ಬಂತು. ಒಡೆದಿಲ್ಲ. ಮೇಲಿನ ಚಿತ್ರ ಚೆನ್ನಾಗಿದೆ, ಆದರೆ ಮೂವರಲ್ಲಿ ಒಬ್ಬರೂ ನಕ್ಕಿಲ್ಲ.

ನಮ್ಮ ಮನೆಯಲ್ಲಿ ಅದನ್ನು ಹಾಕುವ ಪೆಟ್ಟಿಗೆ ಇಲ್ಲ ಎಂದು ಮ್ಯಾನಿಯನ್ ತನ್ನದನ್ನು ಹೊತ್ತುಕೊಂಡು ಬಂದ. ಅವನ ಹೆಂಡತಿ ಕೇಕು ತಂದಳು. ಅಂಚೆಯವನು, ಫಾಲನ್ ಮನೆಯವರು, ಪಾದ್ರಿ, ಎಲ್ಲ ಅಡುಗೆಮನೆಯಲ್ಲಿ ಸೇರಿದರು. ಅಜ್ಜಿ ಕಪ್ಪು ಶಾಲು ಹೊದ್ದು, ತಲೆ ಬಾಚಿಸಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಳು.

ಮೊದಲ ಹಾಡು ಶುರುವಾದಾಗ "ಇದಾ?" ಎಂದಳು. "ಇದಲ್ಲಮ್ಮ, ಕೊನೇಲಿ ಬರುತ್ತೆ" ಎಂದೆ. ಆಮೇಲೆ ಪ್ರತಿ ಹಾಡು ಶುರುವಾದಾಗಲೂ ನನ್ನ ತೋಳು ಮುಟ್ಟಿದಳು. ರೆಕಾರ್ಡಿನ ಮಗ್ಗುಲು ಬದಲಾಯಿಸಿದೆವು. ಹಾಡುಗಳು ಚೆನ್ನಾಗಿವೆ. ಡೋನಲ್‌ದು ಸ್ವಲ್ಪ ಜೋರಾಯಿತು. ಮಳೆಯಲ್ಲಿ ಬಸ್ಸಿಗೆ ಕಾಯುವ ಹುಡುಗಿಯ ಹಾಡು ಬಂದಾಗ ಪಾದ್ರಿ ಕಾಲು ಕುಣಿಸಿದ, ನಾನು ನೋಡಿದೆ.

ಹತ್ತನೆಯದು ಮುಗಿದ ಮೇಲೆ ಮುಳ್ಳು ಸುಮ್ಮನೆ ಸುತ್ತುತ್ತಿತ್ತು. ಎಲ್ಲರೂ ಕಾದರು. ಮ್ಯಾನಿಯನ್ ಅದನ್ನು ಎತ್ತಿ ಕೊನೆಯ ಗೆರೆಯ ಮೇಲೆ ಮತ್ತೆ ಇಟ್ಟು ನೋಡಿದ. ನಾನು ಕನ್ನಡಕ ಹಾಕಿಕೊಂಡು ಹಿಂಬದಿಯಲ್ಲಿ ಬರೆದದ್ದನ್ನು ಓದಿದೆ. ಹತ್ತೇ ಹೆಸರು.

"ಮುಗೀತಾ?" ಎಂದು ಅಜ್ಜಿ ಕೇಳಿದಳು. "ನಮ್ಮ ಫೆಸ್ಟಿ ಎಲ್ಲಿ?"

ಚಹಾ ಕುಡಿದು ಎಲ್ಲರೂ ಬೇಗ ಎದ್ದರು. ಕೇಕು ಹಾಗೇ ಉಳಿದಿದೆ.

ನಿನಗೆ ಏನೋ ಕಾರಣ ಇದ್ದೀತು.

ಅಪ್ಪ


ಕಿಲ್ಬರ್ನ್
4 ಜುಲೈ 1989

ಅಪ್ಪಾ,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ನಾನೇ ತೆಗೆಸಿದೆ. ಏಪ್ರಿಲ್‌ನಲ್ಲಿ, ಎಲ್ಲ ಮುಗಿದ ಮೇಲೆ. ಕ್ಲೈವ್ ಕೂಗಾಡಿದ. "ಇಡೀ ಆಲ್ಬಮ್‌ನಲ್ಲಿ ಜೀವ ಇರೋದು ಅದೊಂದೇ, ಅದನ್ನೇ ಕಿತ್ತು ಹಾಕ್ತೀಯಲ್ಲ" ಎಂದ. ಫೆಲಿಮ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಹಟ ಹಿಡಿದೆ. ಪಬ್ಬಿನಲ್ಲಿ ನೀನು ಹಾಡಿಲ್ಲ ಎಂದದ್ದು, ಎದ್ದು ಹೋದದ್ದು, ಅದೊಂದೇ ನನ್ನ ತಲೆಯಲ್ಲಿತ್ತು. ನಿನ್ನ ಬಾಯಿಂದ ನಾನು ಹಾಡು ಕಿತ್ತುಕೊಂಡೆ ಎಂದುಕೊಂಡೆ. ರೆಕಾರ್ಡಿನಿಂದ ತೆಗೆದರೆ ನೀನು ಮತ್ತೆ ಹಾಡುತ್ತೀಯ ಎಂದುಕೊಂಡೆ.

ಅಜ್ಜಿ ಕಾಯುತ್ತಿದ್ದಾಳೆ ಎಂದು ನೀನು ಬರೆದಿದ್ದೆ. ಅವಳು ಆ ಹಾಡಿಗೇ ಕಾಯುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಪತ್ರಿಕೆಗಳಲ್ಲಿ ಒಳ್ಳೆಯ ಮಾತು ಬರೆದಿದ್ದಾರೆ. ಓದಲು ಮನಸ್ಸಾಗುತ್ತಿಲ್ಲ. ಹಾಡು ನಿನ್ನದೇ ಅಪ್ಪಾ, ವಾಪಸು ತೆಗೆದುಕೊ. ಅಜ್ಜಿಗೆ ಏನು ಹೇಳಬೇಕೋ ನೀನೇ ಹೇಳು, ನನಗೆ ಆಗುವುದಿಲ್ಲ.

ಕೀಲಿನ್


ಡೂನ್‌ಲಾರಾ
19 ಜುಲೈ 1989

ಕೀಲಿನ್,

ಎರಡು ಕಾಗದ ಬರೆದು ಒಲೆಗೆ ಹಾಕಿದೆ. ಇದು ಮೂರನೆಯದು, ಹೇಗಿದ್ದರೂ ಕಳಿಸುತ್ತೇನೆ.

ಅಜ್ಜಿ ಆ ಹಾಡನ್ನು ನನಗೆ ಕೊಟ್ಟ ಮೇಲೆ, ಒಬ್ಬಳೇ ಒಲೆ ಮುಂದೆ ಕೂತಾಗಲೂ ಗುನುಗಲಿಲ್ಲ. ಅವಳೇ ಕಟ್ಟಿದ್ದು, ಅವಳ ಮಗನದು, ಆದರೂ ಇಲ್ಲ. ಅದನ್ನು ನೋಡಿಕೊಂಡು ಬೆಳೆದವಳು ನೀನು. ಹಾಡು ಇಟ್ಟುಕೊಂಡವನು 'ನನ್ನ ಹತ್ತಿರ ಹಾಡಿಲ್ಲ' ಎಂದರೆ ಏನರ್ಥ ಎಂದು ಆ ಕ್ಲೈವ್‌ಗೆ ತಿಳಿಯದಿದ್ದರೆ ಬಿಡು. ನಿನಗೂ ತಿಳಿಯಲಿಲ್ಲವೇ? ಅವತ್ತು ಪಬ್ಬಿನಲ್ಲಿ ಎಲ್ಲರಿಗೂ ತಿಳಿಯಿತು. ಮ್ಯಾನಿಯನ್ ನನ್ನ ಗ್ಲಾಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಪಾಟ್ಸಿ ಫಾಲನ್ ಒಬ್ಬನಿಗೆ ಹೊಳೆಯಲಿಲ್ಲ ಎಂದರೆ, ಅವನಿಗೆ ಯಾವಾಗ ಏನು ಹೊಳೆದಿದೆ?

ನಾನು ಬಿಡಿಸಿ ಬರೆಯಬಹುದಿತ್ತು, ಒಪ್ಪುತ್ತೇನೆ. ಕೊಟ್ಟಿದ್ದೇನೆ ಎಂದು ಕೊಟ್ಟವನೇ ಹೇಳಿಕೊಂಡು ತಿರುಗುವ ರೂಢಿ ನಮ್ಮಲ್ಲಿಲ್ಲ. ನೀನು ಬೇರೆ ಊರಿನವಳು ಎಂದು ನಾನು ಯೋಚಿಸಲೇ ಇಲ್ಲ.

ವಾಪಸು ತೆಗೆದುಕೊ ಎನ್ನುತ್ತೀಯ. ತೋಳು ಉದ್ದವಾಯಿತು ಎಂದು ವಾಪಸು ಕೊಡಲು ಅದು ಕೋಟಲ್ಲ. ಹಾಡು ಈಗ ನಿನ್ನದು. ಹಾಡಿದರೂ ನಿನ್ನದು, ಹಾಡದೆ ಬಿಟ್ಟರೂ ನಿನ್ನದು.

ಸೆಪ್ಟೆಂಬರ್ 16 ಫೆಸ್ಟಿ ದಿನ. ಅಜ್ಜಿ ಹೋದ ವರ್ಷಕ್ಕಿಂತ ಈ ವರ್ಷ ತುಂಬ ಇಳಿದುಹೋಗಿದ್ದಾಳೆ. ಮುಂದಿನ ಸೆಪ್ಟೆಂಬರಿಗೆ ಇರುತ್ತಾಳೆ ಎಂದು ನಾನು ಹೇಳಲಾರೆ. ನೀನು ಬಂದು ಅವಳ ಮುಂದೆ ಹಾಡು. ಟೇಪು ಗೀಪು ಕಳಿಸಬೇಡ. ಬೇಡವೆಂದು ಕಿತ್ತು ಹಾಕಿದ್ದನ್ನು ನಾನು ಅವಳಿಗೆ ಕೇಳಿಸಲಾರೆ.

ಬರುತ್ತೀಯ ಎಂದು ಅವಳಿಗೆ ಹೇಳಿದ್ದೇನೆ.

ಅಪ್ಪ


ಲೀಡ್ಸ್
28 ಆಗಸ್ಟ್ 1989

ಪ್ರೀತಿಯ ಅಪ್ಪಾ,

ಇದನ್ನು ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ರಸ್ತೆಯನ್ನು ಬೈದುಕೊ.

ಬರಲು ಆಗುತ್ತಿಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಆಗುತ್ತಿಲ್ಲ. ನಮಗಿಂತ ತುಂಬ ದೊಡ್ಡ ಬ್ಯಾಂಡೊಂದು ಹಾಡುವ ಮುಂಚೆ ಊರೂರಲ್ಲಿ ಹಾಡಲು ನಮ್ಮನ್ನು ಕರೆದುಕೊಂಡಿದ್ದಾರೆ. ಹದಿನಾರಕ್ಕೆ ಗ್ಲಾಸ್ಗೋದಲ್ಲಿ. ನಾನು ಒಂದು ದಿನ ಇಲ್ಲ ಎಂದರೂ ನಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ. ಫೆಲಿಮ್ ಹೆಂಡತಿಗೆ ಅಕ್ಟೋಬರಿನಲ್ಲಿ ಹೆರಿಗೆ. ಡೋನಲ್ ಇದ್ದ ಕೆಲಸ ಬಿಟ್ಟು ಬಂದಿದ್ದಾನೆ. "ನೀನು ಹೋಗಲೇಬೇಕು ಅಂದ್ರೆ ಹೋಗು, ನಾವೇನೂ ಅನ್ನಲ್ಲ" ಎಂದು ಇಬ್ಬರೂ ಹೇಳಿದರು. ಹಾಗೆ ಹೇಳಿದ ಮೇಲೆ ಹೇಗೆ ಹೋಗಲಿ?

ಕ್ರಿಸ್ಮಸ್ಸಿಗೆ ಖಂಡಿತ ಬರುತ್ತೇನೆ. ಆಗ ಅಜ್ಜಿಗೆ ಹಾಡುತ್ತೇನೆ. ಈ ವರ್ಷದ ಮಟ್ಟಿಗೆ ನೀನೇ ಹಾಡಿಬಿಡು ಅಪ್ಪಾ. ನಾನು ಎದುರಿಗಿಲ್ಲದಾಗ ಬೇರೆಯವರು ಹಾಡಬಹುದಲ್ಲ. ಯಾರೂ ಏನೂ ಅನ್ನುವುದಿಲ್ಲ.

ನನ್ನ ಮೇಲೆ ಬೇಜಾರು ಬೇಡ.

ಕೀಲಿನ್


ಡೂನ್‌ಲಾರಾ
18 ಸೆಪ್ಟೆಂಬರ್ 1989

ಕೀಲಿನ್,

ನೀನು ಹೇಳಿದಂತೆ ಮಾಡಿದೆ.

ಪ್ರಾರ್ಥನೆ ಮುಗಿಸಿ, ಚಹಾ ಕೊಟ್ಟು, ಎಲ್ಲರೂ ಒಲೆಯ ಸುತ್ತ ಕೂತಿದ್ದರು. ನೀನು ಬರುವುದಿಲ್ಲ ಎಂದು ಅಜ್ಜಿಗೆ ಹೇಳಲು ಬೆಳಿಗ್ಗೆಯಿಂದ ಬಾಯಿ ಬಂದಿರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅವಳು ಆ ಕಡೆ ತಿರುಗುತ್ತಿದ್ದಳು. ಕೊನೆಗೆ ನಾನು ಎದ್ದು ನಿಂತೆ.

ಒಡೆಯರು ಎದುರಿಗಿಲ್ಲದ ಹಾಡನ್ನು ಎತ್ತುವ ಮುಂಚೆ ಅದು ಯಾರದು ಎಂದು ಹೇಳಬೇಕು, ನಿನಗೆ ಗೊತ್ತಲ್ಲ. ತೀರಿಹೋದವರ ಹಾಡಿಗೆ ಹೇಳಿ ಅಭ್ಯಾಸ. ಬದುಕಿರುವವರು ತಮ್ಮ ಹಾಡನ್ನು ತಾವೇ ಬಂದು ಹಾಡುತ್ತಾರೆ, ಅವರಿಗೆಂದು ಬೇರೆ ಮಾತು ನಮ್ಮಲ್ಲಿಲ್ಲ. ಇರುವ ಮಾತನ್ನೇ ಹೇಳಿದೆ. "ಇದು ನನ್ನ ಮಗಳು ಕೀಲಿನ್ ಹಾಡು. ಅವಳು ಇವತ್ತು ನಮ್ಮ ಜೊತೆ ಇಲ್ಲ."

ಮ್ಯಾನಿಯನ್ ಹೆಂಡತಿ ಅಭ್ಯಾಸಬಲದಿಂದ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ನಾನು ಗೋಡೆಗೆ ತಿರುಗಿ ಹಾಡಿದೆ. ಮೂರನೇ ಚರಣದಲ್ಲಿ ಮುಗ್ಗರಿಸಲಿಲ್ಲ.

ತಿರುಗಿ ನೋಡಿದರೆ ಅಜ್ಜಿ ಎರಡು ಕೈಯನ್ನೂ ಮುಂದೆ ಚಾಚಿದ್ದಳು. ಹೋಗಿ ಹಿಡಿದುಕೊಂಡೆ.

"ಕೋಲ್ಮನ್, ಹುಡುಗಿ ಯಾವಾಗ ಹೋದ್ಲು?"

"ಹೋಗಿಲ್ಲಮ್ಮ. ಗ್ಲಾಸ್ಗೋದಲ್ಲಿದಾಳೆ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅಮ್ಮ, ಚೆನ್ನಾಗಿದಾಳೆ. ಈಗ ಅಲ್ಲಿ ಹಾಡ್ತಿರ್ತಾಳೆ, ನೂರಾರು ಜನ ಕೂತು ಕೇಳ್ತಿರ್ತಾರೆ."

ಅವಳು ನನ್ನ ಕೈಯನ್ನು ತಟ್ಟಿದಳು. "ಆಯ್ತಪ್ಪ. ಫೆಸ್ಟಿ ಸಿಗೋ ತನಕ ನೀನು ಹೀಗೇ ಹೇಳ್ತಿದ್ದೆ. ಎಲ್ಲೋ ದಡ ಸೇರಿರ್ತಾನೆ ಅಮ್ಮ ಅಂತ."

ನೀನು ಬದುಕಿದ್ದೀಯ ಎಂದು ಎಲ್ಲರೂ ಹೇಳಿದರು. ಪಾದ್ರಿ ಮಂಡಿಯೂರಿ ಕೂತು ಹೇಳಿದ. ನಿನ್ನೆ ಬೆಳಿಗ್ಗೆ ಮ್ಯಾನಿಯನ್‌ನ ಪೆಟ್ಟಿಗೆ ತರಿಸಿ ನಿನ್ನ ರೆಕಾರ್ಡು ಹಾಕಿದೆ, ನಿನ್ನ ದನಿ ಕೇಳಲಿ ಎಂದು. ಸುಮ್ಮನೆ ಕೇಳಿದಳು. "ಸತ್ತೋರ ರೆಕಾರ್ಡೂ ಹಾಡುತ್ತೆ ಕೋಲ್ಮನ್" ಎಂದಳು. ಪಬ್ಬಿನ ಫೋನಿನ ತನಕ ಅವಳನ್ನು ಎತ್ತಿಕೊಂಡು ಹೋಗೋಣ ಎಂದರೆ ಕುರ್ಚಿ ಬಿಟ್ಟು ಏಳಲಿಲ್ಲ. ನಿನ್ನೆಯಿಂದ ಜಪಮಾಲೆ ಹಿಡಿದು ಫೆಸ್ಟಿಯ ಹೆಸರು ಹೇಳಿದ ಮೇಲೆ ನಿನ್ನ ಹೆಸರನ್ನೂ ಹೇಳುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಮಲಗಿ ಅದನ್ನು ಕೇಳುವುದು ನನ್ನ ಕೈಲಾಗುತ್ತಿಲ್ಲ.

ಗ್ಲಾಸ್ಗೋದಲ್ಲಿ ಹಾಡು ಚೆನ್ನಾಗಿ ಆಯಿತು ಎಂದುಕೊಳ್ಳುತ್ತೇನೆ.

ಇದಕ್ಕೆ ಉತ್ತರ ಬರೆಯಬೇಡ. ನೀನು ಏನು ಬರೆದರೂ ಅವಳಿಗೆ ಓದಿ ಹೇಳುವವನು ನಾನೇ, ನಾನು ಓದಿದ್ದನ್ನು ಅವಳು ಇನ್ನು ನಂಬುವುದಿಲ್ಲ. ಬಾ.

ಅಪ್ಪ